ಪತ್ರಿಕೆ ಓದಿ ಕೊಟ್ಟ ಚುಚ್ಚುಮದ್ದು

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಮಕ್ಕಳ ವೈದ್ಯೆಯ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಜ್ವರ, ಕೆಮ್ಮು, ಹಲ್ಲು ಮೂಡುವಾಗಿನ ಭೇದಿ, ಊಟ ಬೇಡವೆನ್ನುವ ಮಗು ಇಂತಹ ವಿಷಯಗಳ ಪತ್ರಗಳೇ ಹೆಚ್ಚು. ಈ ತಿಂಗಳು ಜಗಳೂರು ಕಡೆಯ ಅಜ್ಜಿಯೊಬ್ಬರು ಬರೆದ ಪತ್ರವನ್ನು ಮೂರು ಸಲ ಓದಿದೆ. ಅದಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಅದೇ ವಿಷಯಕ್ಕೆ ಹೊಂದುವ ಬೇರೆ ಮೂರು ಪತ್ರಗಳನ್ನೂ ಜೊತೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನ್ನ ಮಗಳ ಮೂರು ತಿಂಗಳ ಕೂಸು ಹಾಲು ಬಿಟ್ಟು, ಏದುಸಿರು ಬಿಡುತ್ತಿತ್ತು. ಕಫ ಕಟ್ಟಿದೆ ಎಂದುಕೊಂಡು ದಾವಣಗೆರೆಗೆ ಕರೆತಂದೆವು. ಅಲ್ಲಿ ಹುಡುಗ ವಯಸ್ಸಿನ ಡಾಕ್ಟರೊಬ್ಬರು ಬಾಣಂತಿ ಏನೇನು ಉಣ್ಣುತ್ತಾಳೆ ಎಂದು ವಿಚಾರಿಸಿದರು. ಆಮೇಲೆ, ‘ಇಂತಹ ಮಕ್ಕಳ ಬಗ್ಗೆ ಒಂದು ಪತ್ರಿಕೆಯಲ್ಲಿ ಓದಿದ್ದೇನೆ’ ಎಂದು ಹೇಳಿ ಯಾವುದೋ ವಿಟಮಿನ್ ಚುಚ್ಚುಮದ್ದು ಕೊಟ್ಟರು. ಮಾರನೆಯ ದಿನ ಕೂಸು ಚೇತರಿಸಿಕೊಂಡಿತು. ದೇವರು ದೊಡ್ಡವನು. ಆದರೂ ನನ್ನ ಮನಸ್ಸಿನಲ್ಲಿ ಒಂದು ಮಾತು ಉಳಿದಿದೆ. ಪತ್ರಿಕೆಯಲ್ಲಿ ಓದಿದ್ದನ್ನು ನಂಬಿ ಕೂಸಿಗೆ ಚುಚ್ಚುವುದು ಸರಿಯೇ? ಓದಿದ್ದೆಲ್ಲ ಕಾಲೇಜಿನಲ್ಲೇ ಮುಗಿದಿರಬೇಕಲ್ಲವೇ? (ಜಗಳೂರು ತಾಲ್ಲೂಕಿನ ಓದುಗರು)

ಉತ್ತರ: ಅಮ್ಮಾ, ಆ ಯುವ ವೈದ್ಯರು ಮಾಡಿದ್ದು ಸರಿ. ಯಾಕೆ ಸರಿ ಎಂದು ಹೇಳಬೇಕಾದರೆ ನಾನು ಸರಿಯಾಗಿ ಮಾಡದೆ ಹೋದ ಒಂದು ಸಂಗತಿಯನ್ನು ಮೊದಲು ಹೇಳಬೇಕು.

ನನ್ನ ಬಳಿ ರಟ್ಟಿನ ಹೊದಿಕೆಯ ಒಂದು ಹಳೆಯ ನೋಟ್‌ಬುಕ್ ಇದೆ. ವಾರ್ಡಿನಲ್ಲಿ ಕಂಡ, ಅರ್ಥವಾಗದೆ ಉಳಿದ ಕಾಯಿಲೆಗಳನ್ನು ಅದರಲ್ಲಿ ಬರೆದಿಡುತ್ತಿದ್ದೆ. 1991ರ ಒಂದು ಪುಟದಲ್ಲಿ ಹೀಗಿದೆ: ‘ಗಂಡು ಮಗು, 3 ತಿಂಗಳು. ತಾಯಿಯ ಹಾಲು ಮಾತ್ರ. ಎರಡು ದಿನದಿಂದ ವಾಂತಿ, ಏದುಸಿರು. ಜ್ವರವಿಲ್ಲ. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದು. ಮಗು ಅಳುತ್ತದೆ, ದನಿ ಕೇಳಿಸುವುದಿಲ್ಲ.’ ಈ ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಬಾಯಿ ಅಗಲವಾಗಿ ತೆರೆದಿತ್ತು, ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ದನಿ ಮಾತ್ರ ಇಲ್ಲ. ನ್ಯುಮೋನಿಯಾ ಎಂದು ಆ್ಯಂಟಿಬಯೋಟಿಕ್ ಕೊಟ್ಟೆವು, ಆಮ್ಲಜನಕ ಕೊಟ್ಟೆವು. ಮರುದಿನ ಮಧ್ಯಾಹ್ನ ಮಗು ತೀರಿಕೊಂಡಿತು. ಆ ಪುಟದ ಮುಂದೆ ಇಂತಹವೇ ಇನ್ನೂ ಐದು ಮಕ್ಕಳ ವಿವರಗಳಿವೆ. ತಾಯಿ ಏನು ಉಣ್ಣುತ್ತಾಳೆ ಎಂಬ ಪ್ರಶ್ನೆ ಯಾವ ಪುಟದಲ್ಲಿಯೂ ಇಲ್ಲ.

ನಮ್ಮ ಕಡೆಯ ಬಾಣಂತನ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೇಳೆ ವಾಯು, ಸೊಪ್ಪು ಶೀತ, ಶೇಂಗಾ ಪಿತ್ತ, ಕೂಸಿಗೆ ಹೊಟ್ಟೆನೋವು ಬರುತ್ತದೆ ಎಂದು ಒಂದೊಂದೇ ಬಿಡಿಸುತ್ತೇವೆ. ಉಳಿಯುವುದು ಬಿಳಿ ಅಕ್ಕಿಯ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಮಿಲ್ಲಿನಲ್ಲಿ ಪಾಲಿಶ್ ಆದ ಅಕ್ಕಿಯನ್ನು ಮತ್ತೆ ನಾಲ್ಕು ಸಲ ತೊಳೆದು, ಗಂಜಿ ಬಸಿದು ಬಡಿಸುತ್ತೇವೆ. ಥಯಾಮಿನ್ ಎಂಬ ಬಿ1 ವಿಟಮಿನ್ ಅಕ್ಕಿಯ ತೌಡಿನಲ್ಲಿದೆ, ನೀರಿನಲ್ಲಿ ಕರಗುತ್ತದೆ. ಮೊದಲು ಮಿಲ್ಲಿನಲ್ಲಿ, ಆಮೇಲೆ ತೊಳೆದ ನೀರಿನಲ್ಲಿ, ಕೊನೆಗೆ ಬಸಿದ ಗಂಜಿಯಲ್ಲಿ ಅದು ಹೋಗಿಬಿಡುತ್ತದೆ. ತಾಯಿಯ ದೇಹದಲ್ಲಿ ಇಲ್ಲದ್ದು ಹಾಲಿಗೂ ಬರುವುದಿಲ್ಲ. ಎರಡು ಮೂರು ತಿಂಗಳಾಗುವ ಹೊತ್ತಿಗೆ ಕೂಸಿನ ಹೃದಯ ಸೋಲುತ್ತದೆ, ಗಂಟಲಿನ ನರ ಸೋತು ದನಿ ಅಡಗುತ್ತದೆ. ಇದಕ್ಕೆ ಶಿಶುಗಳ ಬೆರಿಬೆರಿ ಎಂದು ಹೆಸರು. ರಾಗಿ, ಜೋಳ ಬೆಳೆಯುವ ಊರುಗಳಲ್ಲಿ, ಶೇಂಗಾ ಮೂಟೆಗಳು ರಾಶಿ ಬೀಳುವ ಚಳ್ಳಕೆರೆಯ ಪಕ್ಕದಲ್ಲಿ ಹೀಗಾಯಿತಲ್ಲ ಎಂದು ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಬೆರಿಬೆರಿ ಹೊಸ ಕಾಯಿಲೆಯೇನೂ ಅಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನು ಗಮನಿಸಿದರು. ಅವರಿಗೆ 1929ರಲ್ಲಿ ನೊಬೆಲ್ ಬಂತು. ನಾವು ಓದಿದ ಪಠ್ಯಪುಸ್ತಕದಲ್ಲೂ ಬೆರಿಬೆರಿಗೆ ಅರ್ಧ ಪುಟವಿತ್ತು, ಮುಗಿದುಹೋದ ಕಾಲದ ಕಾಯಿಲೆ ಎಂಬ ಧಾಟಿಯಲ್ಲಿ. ಪರೀಕ್ಷೆಗೆ ಓದಿ ಮರೆತೆವು. ಅದು ನಮ್ಮ ವಾರ್ಡಿನಲ್ಲೇ ಮಲಗಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಹೇಳಿದ್ದು ಜರ್ನಲ್, ಎಂದರೆ ವೈದ್ಯರ ಸಂಶೋಧನಾ ಪತ್ರಿಕೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ತಜ್ಞರು ಇಂತಹ ಕೂಸುಗಳನ್ನು ಒಂದೊಂದಾಗಿ ಲೆಕ್ಕವಿಟ್ಟು ನೋಡಿದರು. ತಾಯಿಯ ಹಾಲನ್ನಷ್ಟೇ ಕುಡಿಯುವ ಮಕ್ಕಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇದ್ದಕ್ಕಿದ್ದಂತೆ ಏರಿರುವುದನ್ನು, ಥಯಾಮಿನ್ ಕೊಟ್ಟಾಗ ಅದು ಇಳಿಯುವುದನ್ನು ದಾಖಲಿಸಿ, 2021ರಲ್ಲಿ ‘ಆರ್ಕೈವ್ಸ್ ಆಫ್ ಡಿಸೀಸ್ ಇನ್ ಚೈಲ್ಡ್‌ಹುಡ್’ ಎಂಬ ಜರ್ನಲ್‌ನಲ್ಲಿ ಪ್ರಕಟಿಸಿದರು. ನಾನು ಅದನ್ನು ಒಂದು ರಾತ್ರಿ ಊಟವಾದ ಮೇಲೆ ಓದಿದೆ. ಓದಿ ಎದ್ದು ಹೋಗಿ ಬೀರುವಿನಿಂದ ಆ ನೋಟ್‌ಬುಕ್ ತೆಗೆದೆ. ಮೂವತ್ತು ವರ್ಷದ ಹಿಂದೆ ನಾನು ಎಳೆದ ಎರಡು ಗೆರೆ ಹಾಗೆಯೇ ಇದ್ದವು.

ಅದಾಗಿ ಕೆಲವೇ ತಿಂಗಳಲ್ಲಿ ಹರಪನಹಳ್ಳಿ ಕಡೆಯಿಂದ ಅಂತಹದೇ ಕೂಸು ಬಂತು. ಈ ಸಲ ಎಕ್ಸ್‌ರೇ ಬರುವ ಮೊದಲೇ ಬಾಣಂತಿಯ ತಟ್ಟೆಯ ವಿಚಾರ ಕೇಳಿದೆ. ರಾತ್ರಿ ಒಂಬತ್ತಕ್ಕೆ ಥಯಾಮಿನ್ ಕೊಟ್ಟೆವು. ಬೆಳಗಿನ ಜಾವ ನಾಲ್ಕು ಗಂಟೆಗೆ ವಾರ್ಡಿನ ಸಿಸ್ಟರ್ ಫೋನ್ ಮಾಡಿದರು. ಆ ಹೊತ್ತಿನ ಫೋನ್ ಎಂದರೆ ನಮಗೆ ಎದೆ ಝಲ್ಲೆನ್ನುತ್ತದೆ. ‘ಮೇಡಂ, ಕೂಸು ಹಾಲು ಕುಡಿಯಿತು’ ಎಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ವೈದ್ಯರು ಓದಿದ ಪತ್ರಿಕೆ, ನೀವು ನಾನು ಬೆಳಗ್ಗೆ ಓದುವ ದಿನಪತ್ರಿಕೆಯಂತಹದಲ್ಲ. ವೈದ್ಯಕೀಯ ಜರ್ನಲ್‌ಗೆ ಒಬ್ಬ ವೈದ್ಯ ‘ಈ ಮದ್ದಿನಿಂದ ಮಕ್ಕಳು ಗುಣವಾದರು’ ಎಂದು ಬರೆದು ಕಳಿಸಿದರೆ ಅದು ನೇರವಾಗಿ ಅಚ್ಚಾಗುವುದಿಲ್ಲ. ಸಂಪಾದಕರು ಅದನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರು ಹೊರಗಿನ ತಜ್ಞರಿಗೆ ಕಳಿಸುತ್ತಾರೆ. ಅವರು ಪಟ್ಟು ಹಿಡಿದು ಕೇಳುತ್ತಾರೆ. ಎಷ್ಟು ಮಕ್ಕಳು? ಗುಣವಾಗದವರು ಎಷ್ಟು, ಅವರನ್ನು ಲೆಕ್ಕದಿಂದ ಯಾಕೆ ಬಿಟ್ಟಿರಿ? ಅದೇ ಹೊತ್ತಿಗೆ ಬೇರೆ ಔಷಧವನ್ನೂ ಕೊಟ್ಟಿದ್ದಿರಾ? ಹಾಗಾದರೆ ಯಾವುದರಿಂದ ಗುಣವಾಯಿತು? ತಂದೆತಾಯಿಯ ಒಪ್ಪಿಗೆ ಪಡೆದಿರಾ? ಉತ್ತರ ಸಾಲದಿದ್ದರೆ ಲೇಖನ ವಾಪಸ್. ತಿದ್ದಿ ಕಳಿಸಿದರೆ ಮತ್ತೆ ಪ್ರಶ್ನೆ. ತಿಂಗಳುಗಟ್ಟಲೆ ನಡೆಯುತ್ತದೆ. ಅಚ್ಚಾದ ಮೇಲೂ ಬಿಡುವುದಿಲ್ಲ. ಮುಂದಿನ ಸಂಚಿಕೆಗಳಲ್ಲಿ ಬೇರೆ ಊರಿನ ವೈದ್ಯರು ಪತ್ರ ಬರೆದು ತಪ್ಪು ತೋರಿಸಬಹುದು. ನಮ್ಮ ವೃತ್ತಿಯಲ್ಲಿ ‘ನನ್ನ ಅನುಭವದಲ್ಲಿ ಹೀಗೆ’ ಎಂಬ ಮಾತಿಗೆ ಬಹಳ ತೂಕವಿದೆ. ಆ ಅನುಭವವನ್ನು ನಾಲ್ಕು ಜನರ ಮುಂದೆ ಹಿಡಿದು ಪರೀಕ್ಷಿಸುವ ಜಾಗ ಜರ್ನಲ್ ಒಂದೇ. ನನ್ನ ಅನುಭವ ನೋಟ್‌ಬುಕ್ಕಿನಲ್ಲಿಯೇ ಉಳಿಯಿತು, ಆದ್ದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಕಾಲೇಜಿನಲ್ಲಿ ಓದಿದ್ದು ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ನ್ಯೂಜಿಲೆಂಡಿನ ಇಬ್ಬರು ವೈದ್ಯರು, ಲಿಗಿನ್ಸ್ ಮತ್ತು ಹೋವಿ, ದಿನ ತುಂಬುವ ಮೊದಲೇ ಹೆರಿಗೆ ನೋವು ಬಂದ ತಾಯಂದಿರಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು 1972ರಲ್ಲಿಯೇ ಪ್ರಕಟಿಸಿದ್ದರು. ಅಮೆರಿಕದಲ್ಲಿ ತಜ್ಞರ ಸಮಿತಿಯೊಂದು ಅದನ್ನು ವ್ಯಾಪಕವಾಗಿ ಬಳಸಿ ಎಂದು ಹೇಳಿದ್ದು 1994ರಲ್ಲಿ. ನಡುವೆ 22 ವರ್ಷ. ಅಗ್ಗದ ಚುಚ್ಚುಮದ್ದು, ಅಚ್ಚಾದ ಪುರಾವೆ, ಎರಡೂ ಇದ್ದವು. ಅಷ್ಟು ವರ್ಷಗಳಲ್ಲಿ ಉಸಿರು ಸಾಲದೆ ಹೋದ ಕೂಸುಗಳನ್ನು ನೆನೆದರೆ, ನಿಮ್ಮ ಕೂಸನ್ನು ನೋಡಿದ ಆ ಹುಡುಗ ರಾತ್ರಿ ಪಾಳಿಯ ನಡುವೆಯೂ ಓದುತ್ತಾನಲ್ಲ ಎಂದು ನನಗೆ ಹೆಮ್ಮೆಯಾಗುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಮಗಳು ಕೂಸಿಗೆ ಎದೆಹಾಲು ನಿಲ್ಲಿಸಬಾರದು. ವೈದ್ಯರು ಅವಳಿಗೆ ಬರೆದುಕೊಟ್ಟ ಥಯಾಮಿನ್ ಮಾತ್ರೆಯನ್ನು ತಪ್ಪಿಸಬಾರದು. ಬೇಳೆ, ಹೆಸರುಕಾಳು, ಶೇಂಗಾ, ಸೊಪ್ಪು, ರಾಗಿ ಮುದ್ದೆ, ಜೋಳದ ರೊಟ್ಟಿ ಎಲ್ಲವನ್ನೂ ಉಣ್ಣಲಿ. ಗಂಜಿ ಬಸಿಯಬೇಡಿ. ಓಣಿಯಲ್ಲಿ ಬೇರೆ ಬಾಣಂತಿಯರಿದ್ದರೆ ಅವರ ಮನೆಗೂ ಹೋಗಿ ಹೇಳಿ. ನಾನು ಹೇಳಿದರೆ ‘ಡಾಕ್ಟರಿಗೇನು ಗೊತ್ತು ಬಾಣಂತನ’ ಎನ್ನುತ್ತಾರೆ, ನೀವು ಹೇಳಿದರೆ ಕೇಳುತ್ತಾರೆ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬರುವ ಆರೋಗ್ಯದ ಸಂದೇಶಗಳ ಕೊನೆಗೆ ‘ವಿಶ್ವವಿಖ್ಯಾತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ’ ಎಂದು ಇರುತ್ತದೆ. ಹಾಗಿದ್ದರೆ ನಂಬಬಹುದೇ? (ಚಿತ್ರದುರ್ಗದ ಔಷಧ ಅಂಗಡಿ ಮಾಲೀಕರು)

ಉತ್ತರ: ಅಷ್ಟರಿಂದಲೇ ನಂಬಬೇಡಿ. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು. ಶಾಲೆಯಲ್ಲಿ ಲಸಿಕೆ ಹಾಕುವ ಹಿಂದಿನ ದಿನ ಒಬ್ಬ ತಂದೆ ಕ್ಲಿನಿಕ್ಕಿಗೆ ಬಂದು ಮೊಬೈಲ್ ಮುಂದೆ ಹಿಡಿದರು. ದಡಾರ ಲಸಿಕೆಯಿಂದ ಆಟಿಸಂ ಬರುತ್ತದೆ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿಯೇ ಬಂದಿದೆ ಎಂದು ಅದರಲ್ಲಿತ್ತು. ಬಂದದ್ದು ನಿಜ, 1998ರಲ್ಲಿ. ಥಾಮಸ್ ವೇಕ್ಲಿ 1823ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ, ಇಂದಿಗೂ ನಾವೆಲ್ಲ ಗೌರವದಿಂದ ಓದುವ ಜರ್ನಲ್ ಅದು. ಆದರೆ ಆ ಲೇಖನ ನಿಂತಿದ್ದು ಕೇವಲ 12 ಮಕ್ಕಳ ಮೇಲೆ. ಲಸಿಕೆ ಕಂಪನಿಗಳ ವಿರುದ್ಧ ಮೊಕದ್ದಮೆ ಸಿದ್ಧಪಡಿಸುತ್ತಿದ್ದ ವಕೀಲರಿಂದ ಮುಖ್ಯ ಲೇಖಕ ಆಂಡ್ರ್ಯೂ ವೇಕ್‌ಫೀಲ್ಡ್ ಹಣ ಪಡೆದದ್ದನ್ನು ಪತ್ರಕರ್ತ ಬ್ರಯಾನ್ ಡೀರ್ ಬಯಲಿಗೆ ತಂದರು. 2004ರಲ್ಲಿ ಸಹಲೇಖಕರಲ್ಲಿ 10 ಮಂದಿ ಆ ತೀರ್ಮಾನದಿಂದ ಹಿಂದೆ ಸರಿದರು. 2010ರಲ್ಲಿ ಲ್ಯಾನ್ಸೆಟ್ ಲೇಖನವನ್ನೇ ಹಿಂಪಡೆಯಿತು. ಅಷ್ಟರೊಳಗೆ, 2002ರಲ್ಲಿ, ಡೆನ್ಮಾರ್ಕಿನ 5 ಲಕ್ಷಕ್ಕೂ ಹೆಚ್ಚು ಮಕ್ಕಳ ಅಧ್ಯಯನ ಮತ್ತೊಂದು ಜರ್ನಲ್‌ನಲ್ಲಿ ಪ್ರಕಟವಾಗಿತ್ತು. ಲಸಿಕೆ ಪಡೆದ ಮಕ್ಕಳಲ್ಲಿ ಆಟಿಸಂ ಹೆಚ್ಚಿರಲಿಲ್ಲ.

ಆ ತಂದೆಯನ್ನು ಕೂರಿಸಿ, ಕಂಪ್ಯೂಟರಿನಲ್ಲಿ ಆ ಲೇಖನದ ಪುಟ ತೆರೆದು ತೋರಿಸಿದೆ. ಹಿಂಪಡೆಯಲಾಗಿದೆ ಎಂಬ ಕೆಂಪು ಅಕ್ಷರಗಳು ಪುಟಕ್ಕೆ ಅಡ್ಡಲಾಗಿ ಎದ್ದು ಕಾಣುತ್ತವೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ‘ಇದನ್ನು ಯಾಕೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ?’ ಎಂದು ಕೇಳಿದರು. ಮರುದಿನ ಮಗಳಿಗೆ ಲಸಿಕೆ ಹಾಕಿಸಿದರು.

ತಪ್ಪು ಲೇಖನವನ್ನು ಕಿತ್ತುಹಾಕಲು 12 ವರ್ಷ ಬೇಕಾಯಿತು ಎಂಬುದು ಆ ಜರ್ನಲ್‌ಗೆ ಗೌರವ ತರುವ ಸಂಗತಿಯಲ್ಲ. ನಡುವೆ ಲಸಿಕೆ ಬಿಟ್ಟ ಊರುಗಳಿಗೆ ದಡಾರ ಮರಳಿ ಬಂತು. ಆದರೂ ತಪ್ಪಾಯಿತು ಎಂದು ತನ್ನದೇ ಪುಟದ ಮೇಲೆ, ಶಾಶ್ವತವಾಗಿ, ಎಲ್ಲರಿಗೂ ಕಾಣುವಂತೆ ಬರೆದುಕೊಳ್ಳುವ ಪದ್ಧತಿ ಅಲ್ಲಿದೆ. ವಾಟ್ಸ್ಆ್ಯಪ್ ಸಂದೇಶಕ್ಕೆ ಅದಿಲ್ಲ. ನಿಮ್ಮ ಅಂಗಡಿಗೆ ಬಂದವರು ಇಂತಹ ಸಂದೇಶ ತೋರಿಸಿದರೆ ಲೇಖನದ ಹೆಸರು, ವರ್ಷ ಕೇಳಿ. ಎರಡೂ ಇಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಇದ್ದರೆ ‘ಪಬ್‌ಮೆಡ್’ ಎಂಬ ಉಚಿತ ಸೂಚಿಯಲ್ಲಿ ಹುಡುಕಬಹುದು. ಹಿಂಪಡೆದ ಲೇಖನವಾದರೆ ಅಲ್ಲಿಯೇ ಗೊತ್ತಾಗುತ್ತದೆ. ‘ಇಂಡಿಯನ್ ಪೀಡಿಯಾಟ್ರಿಕ್ಸ್’, 1913ರಿಂದ ಬರುತ್ತಿರುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಇವುಗಳ ಲೇಖನಗಳನ್ನು ನೀವು ದುಡ್ಡು ಕೊಡದೆ ಓದಬಹುದು.

ಪ್ರಶ್ನೆ: ನಾನು ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿನಿ. ‘ಮೂರು ದಿನದಲ್ಲಿ ನಿಮ್ಮ ಲೇಖನ ಪ್ರಕಟಿಸುತ್ತೇವೆ, ಶುಲ್ಕ ಕಳಿಸಿ’ ಎಂದು ದಿನಾ ಇ-ಮೇಲ್ ಬರುತ್ತವೆ. ಪ್ರಕಟಣೆ ಇಲ್ಲದಿದ್ದರೆ ಮುಂದೆ ಬಡ್ತಿ ಕಷ್ಟ ಎನ್ನುತ್ತಾರೆ. ಚಿಕ್ಕ ಊರಿನ ನಮ್ಮಂತಹವರ ಬರಹವನ್ನು ದೊಡ್ಡ ಜರ್ನಲ್‌ಗಳು ಮುಟ್ಟುತ್ತವೆಯೇ, ಮೇಡಂ? (ದಾವಣಗೆರೆ)

ಉತ್ತರ: ಆ ಇ-ಮೇಲ್‌ಗಳನ್ನು ತೆರೆಯದೆ ಅಳಿಸಿಬಿಡಮ್ಮ. ಒಳ್ಳೆಯ ಜರ್ನಲ್‌ಗಳಲ್ಲಿಯೂ ಶುಲ್ಕ ಪಡೆಯುವವು ಇವೆ, ಹಣ ಕೇಳಿದ ಮಾತ್ರಕ್ಕೆ ಕಳ್ಳರಾಗುವುದಿಲ್ಲ. ಆದರೆ ಮೂರು ದಿನದಲ್ಲಿ ಯಾವ ತಜ್ಞನೂ ನಿನ್ನ ಲೇಖನವನ್ನು ಓದಿ ಪ್ರಶ್ನೆ ಕೇಳಿರುವುದಿಲ್ಲ. ಪ್ರಶ್ನೆಯೇ ಇಲ್ಲದ ಕಡೆ ಅಚ್ಚಾದದ್ದು ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿದ್ದಕ್ಕೆ ಸಮ. ಅದನ್ನು ಓದಿ ಇನ್ನೊಬ್ಬ ವೈದ್ಯ ಒಂದು ಮಗುವಿಗೆ ಮದ್ದು ಕೊಟ್ಟರೆ ಆ ಪಾಪದಲ್ಲಿ ನಿನಗೂ ಪಾಲಿದೆ.

ಚಿಕ್ಕ ಊರು ಎಂಬ ಕೀಳರಿಮೆ ಬೇಡ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರ ಹಿಡಿದು ಮಲಗಿದರು. ಪುಣೆಯಿಂದ ಬಂದ ವೈರಸ್ ತಜ್ಞರು ಅದನ್ನು ಅಧ್ಯಯನ ಮಾಡಿ ಬರೆದರು. ಇಂದು ಜಗತ್ತಿನ ಯಾವ ವೈರಸ್ ಪುಸ್ತಕ ತೆರೆದರೂ ಆ ಹಳ್ಳಿಯ ಹೆಸರಿದೆ.

ದೊಡ್ಡ ಅಧ್ಯಯನವೇ ಆಗಬೇಕೆಂದೂ ಇಲ್ಲ. 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಹೆರಿಗೆ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಲ್ಯಾನ್ಸೆಟ್‌ಗೆ ಕೆಲವೇ ಸಾಲುಗಳ ಒಂದು ಪತ್ರ ಬರೆದರು. ಥಾಲಿಡೊಮೈಡ್ ಎಂಬ ಮಾತ್ರೆ ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿವೆ, ಬೇರೆ ಯಾರಾದರೂ ಇದನ್ನು ನೋಡಿದ್ದೀರಾ ಎಂದು ಕೇಳಿದ್ದರು. ಜರ್ಮನಿಯಲ್ಲಿಯೂ ಅದೇ ಹೊತ್ತಿಗೆ ಒಬ್ಬ ಮಕ್ಕಳ ವೈದ್ಯರು ಎಚ್ಚರಿಸಿದ್ದರು. ಆ ಮಾತ್ರೆ ಮಾರುಕಟ್ಟೆಯಿಂದ ಹೊರಬಿತ್ತು. ಅದೇ ಮೆಕ್‌ಬ್ರೈಡ್ ಮುಂದೆ ಬೇರೊಂದು ಔಷಧದ ಪ್ರಯೋಗದಲ್ಲಿ ಅಂಕಿಅಂಶ ತಿದ್ದಿದ್ದು ಸಾಬೀತಾಗಿ 1993ರಲ್ಲಿ ವೈದ್ಯರ ಪಟ್ಟಿಯಿಂದ ಅವರ ಹೆಸರು ತೆಗೆಯಲಾಯಿತು. ಹಳೆಯ ಪುಣ್ಯ ಅವರನ್ನು ಕಾಪಾಡಲಿಲ್ಲ, ಕಾಪಾಡಬಾರದು ಕೂಡ. ಜರ್ನಲ್ ಲೇಖನಗಳನ್ನು ಒಟ್ಟಿಗೆ ಓದಿ ಚರ್ಚಿಸುವ ನಮ್ಮ ಶನಿವಾರದ ಜರ್ನಲ್ ಕ್ಲಬ್‌ನಲ್ಲಿ ನಾನು ಈ ಎರಡು ಕಥೆಗಳನ್ನೂ ಒಟ್ಟಿಗೆ ಹೇಳುತ್ತೇನೆ, ಒಂದನ್ನೇ ಹೇಳುವುದಿಲ್ಲ.

ನೀನು ಮೊದಲು ಒಂದು ಪತ್ರ ಬರೆ. ವಾರ್ಡಿನಲ್ಲಿ ಕಂಡು, ‘ಇದು ಪುಸ್ತಕದಂತಿಲ್ಲವಲ್ಲ’ ಅನಿಸಿದ ಒಂದೇ ಒಂದು ಮಗುವಿನ ಬಗ್ಗೆ. ವಾಪಸ್ ಬಂದರೆ ಪರಿಶೀಲಕರ ಟಿಪ್ಪಣಿಯನ್ನು ಗೋಡೆಗೆ ಅಂಟಿಸಿಕೊಂಡು ತಿದ್ದು. 1991ರಲ್ಲಿ ನನಗೆ ಇದನ್ನು ಯಾರಾದರೂ ಹೇಳಿದ್ದರೆ, ‘ದನಿ ಇಲ್ಲದೆ ಅಳುವ ಮಗುವನ್ನು ನೀವು ನೋಡಿದ್ದೀರಾ’ ಎಂದು ನಾನೂ ಕೇಳುತ್ತಿದ್ದೆ. ಯಾವುದೋ ಊರಿನ ಹಿರಿಯರೊಬ್ಬರು, ‘ತಾಯಿಗೆ ಏನು ಉಣಿಸುತ್ತಿದ್ದಾರೆ ಕೇಳಿ’ ಎಂದು ಉತ್ತರ ಬರೆಯುತ್ತಿದ್ದರೋ ಏನೋ. ಉಳಿದ ಐದು ಕೂಸುಗಳಲ್ಲಿ ಮೂರು ಬಂದದ್ದು ಆ ಮೊದಲನೆಯ ಮಗು ಹೋಗಿ ವರ್ಷ ಕಳೆದ ಮೇಲೆ.

ಪ್ರಶ್ನೆ: ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಮಗನಿಗೆ ಅಪರೂಪದ ಚರ್ಮರೋಗವಿದೆ. ಡಾಕ್ಟರು ಫೋಟೊ ತೆಗೆದು ಪತ್ರಿಕೆಗೆ ಕಳಿಸುತ್ತೇವೆ, ಸಹಿ ಹಾಕಿ ಎನ್ನುತ್ತಿದ್ದಾರೆ. ಕಾಗದ ಇಂಗ್ಲಿಷಿನಲ್ಲಿದೆ. ಹಾಕಬಹುದೇ?

ಉತ್ತರ: ಅಣ್ಣಾ, ಓದಿ ಹೇಳಿಸಿಕೊಳ್ಳದೆ ಹಾಕಬೇಡಿ. ಅದನ್ನು ಕನ್ನಡದಲ್ಲಿ ವಿವರಿಸುವುದು ಅವರ ಕರ್ತವ್ಯ. ಅವರು ಕೇಳುತ್ತಿರುವುದೇ ಒಳ್ಳೆಯ ಲಕ್ಷಣ, ರೋಗಿ ಯಾರೆಂದು ಗುರುತು ಸಿಗುವಂತಹ ಫೋಟೊ ಇದ್ದರೆ ಒಪ್ಪಿಗೆ ಇಲ್ಲದೆ ಒಳ್ಳೆಯ ಜರ್ನಲ್‌ಗಳು ಪ್ರಕಟಿಸುವುದಿಲ್ಲ. ಹೆಸರು, ಊರು ಬರುತ್ತದೆಯೇ, ಮುಖ ಕಾಣುತ್ತದೆಯೇ ಎಂದು ಕೇಳಿ. ಮುಖ ಬೇಡ, ಚರ್ಮದ ಭಾಗ ಮಾತ್ರ ಸಾಕು ಎಂದು ಹೇಳುವ ಹಕ್ಕು ನಿಮಗಿದೆ. ಒಮ್ಮೆ ಪ್ರಕಟವಾದ ಮೇಲೆ ಇಂಟರ್‌ನೆಟ್ಟಿನಿಂದ ಪೂರ್ತಿ ತೆಗೆಯಲಾಗದು, ಅದನ್ನು ಮೊದಲೇ ಯೋಚಿಸಿ. ಮಗನಿಗೆ ತಿಳಿಯುವ ವಯಸ್ಸಾಗಿದ್ದರೆ ಅವನನ್ನೂ ಕೇಳಿ. ನಿಮಗೆ ಮನಸ್ಸಿಲ್ಲದಿದ್ದರೆ ‘ಬೇಡ’ ಎನ್ನಿ, ಅದರಿಂದ ಚಿಕಿತ್ಸೆಗೆ ಯಾವ ತೊಂದರೆಯೂ ಆಗಕೂಡದು. ಒಪ್ಪುವುದಾದರೆ, ಅಚ್ಚಾದ ಮೇಲೆ ಒಂದು ಪ್ರತಿ ಕೊಡಬೇಕೆಂದು ಕೇಳಿ ಪಡೆಯಿರಿ. ಅದನ್ನು ಮಗನ ಆಸ್ಪತ್ರೆ ಚೀಟಿಗಳ ಜೊತೆ ಒಂದೇ ಫೈಲಿನಲ್ಲಿ ಇಡಿ. ಮುಂದೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕಾಗಿ ಬಂದರೆ ಅಲ್ಲಿನ ವೈದ್ಯರಿಗೆ ಮೊದಲು ಅದನ್ನೇ ತೋರಿಸಿ.